ಪುಟ್ಮಲ್ಲಿ, ಸಾಕವ್ವ, ಗುಲಾಬಿ: ಉಮಾಶ್ರೀ ಅವರ ಅಭಿನಯವನ್ನು ಎರಡು ಹೋಳಾಗಿ ನೋಡುವುದು ಸರಿಯೇ?

ರಂಗಪ್ರಿಯೆ ಬರೆದದ್ದು:

ಉಮಾಶ್ರೀ ಅವರ ಬಗ್ಗೆ ಮಾತು ಬಂದಾಗಲೆಲ್ಲ ಅವರ ವೃತ್ತಿಜೀವನವನ್ನು 2008ಕ್ಕೆ ಮೊದಲು ಮತ್ತು 2008ರ ನಂತರ ಎಂದು ಎರಡು ಹೋಳು ಮಾಡಿ ನೋಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮೊದಲ ಹೋಳಿನಲ್ಲಿ ಇರುವವರು ಜನರನ್ನು ನಗಿಸುತ್ತಿದ್ದ, ದ್ವಂದ್ವಾರ್ಥದ ಸಂಭಾಷಣೆಗೆಂದೇ ಕರೆಸಿಕೊಳ್ಳಲ್ಪಡುತ್ತಿದ್ದ ಪೋಷಕ ನಟಿ. ಎರಡನೆಯದರಲ್ಲಿ ಇರುವವರು ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಗಂಭೀರ ಕಲಾವಿದೆ. ಕಾಸರವಳ್ಳಿಯವರ ಕಣ್ಣಿಗೆ ಬೀಳದಿದ್ದರೆ ಈ ಪ್ರತಿಭೆ ಹಾಗೇ ಮುಗಿದುಹೋಗುತ್ತಿತ್ತು ಎನ್ನುವವರೂ ಇದ್ದಾರೆ. ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರನ್ನು ಇಲ್ಲಿ ಇಟ್ಟು, ತಿಳಿದವರ ಅಭಿಪ್ರಾಯ ಕೇಳಬೇಕೆಂದು ಈ ಚರ್ಚೆ ಆರಂಭಿಸುತ್ತಿದ್ದೇನೆ.

1957ರಲ್ಲಿ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ ಅವರಿಗೆ ಅಭಿನಯವನ್ನು ಕಲಿಸಿದ್ದು ರಂಗಭೂಮಿ. ಸಿನಿಮಾದಲ್ಲಿ ಅವರನ್ನು ಜನ ಗುರುತಿಸುವಂತಾದದ್ದು 1984ರಲ್ಲಿ, ಕಾಶೀನಾಥ್ ಅವರ ‘ಅನುಭವ’ ಚಿತ್ರದಿಂದ. ಆಮೇಲಿನ ಎರಡು ದಶಕ ಅವರು ಪರದೆಯ ಮೇಲೆ ಎಷ್ಟು ಚಿತ್ರಗಳಲ್ಲಿ ಕಾಣಿಸಿಕೊಂಡರೆಂದರೆ, ಒಂದು ಪಾತ್ರವನ್ನು ಇನ್ನೊಂದರಿಂದ ಬೇರ್ಪಡಿಸಿ ನೆನಪಿಟ್ಟುಕೊಳ್ಳುವುದು ಪ್ರೇಕ್ಷಕರಿಗೆ ಕಷ್ಟವಾಗುವಷ್ಟು. ಆದರೆ ಇದೇ ನಟಿ ದೇವನೂರ ಮಹಾದೇವರ ‘ಒಡಲಾಳ’ ರಂಗಕ್ಕೆ ಬಂದಾಗ ಸಾಕವ್ವನಾಗಿ ನಿಂತಿದ್ದರು ಎಂಬುದನ್ನು ಈ ‘ಮೊದಲು, ನಂತರ’ದ ಲೆಕ್ಕ ಮರೆತೇಬಿಡುತ್ತದೆ. ಗುಲಾಬಿಗಿಂತ ಬಹಳ ಮೊದಲೇ ಸಾಕವ್ವ ಇದ್ದಳು. ಸಾಕವ್ವನನ್ನು ಕಂಡಿದ್ದವರಿಗೆ ಗುಲಾಬಿ ಆಶ್ಚರ್ಯವಾಗಬೇಕಾಗಿರಲಿಲ್ಲ.

ನನ್ನ ವಾದ ಇಷ್ಟೇ. ನಟಿ ಬದಲಾಗಲಿಲ್ಲ, ನಟಿಯಿಂದ ನಾವು ಕೇಳಿದ್ದು ಬದಲಾಯಿತು. ಹಾಸ್ಯದ ಪಾತ್ರದಲ್ಲಿ ಮಾತನ್ನು ಎಲ್ಲಿ ನಿಲ್ಲಿಸಬೇಕು, ಎದುರಿನವನ ಮಾತು ಮುಗಿಯುವ ಮೊದಲೇ ಮುಖ ಎತ್ತ ತಿರುಗಬೇಕು, ಸೆರಗನ್ನು ಯಾವ ಗಳಿಗೆಯಲ್ಲಿ ಸೊಂಟಕ್ಕೆ ಸಿಕ್ಕಿಸಬೇಕು ಎಂಬ ತಿಳಿವಳಿಕೆ ಯಾವುದಿತ್ತೋ, ಗುಲಾಬಿಯಲ್ಲಿ ಕೆಲಸ ಮಾಡಿದ್ದೂ ಅದೇ ತಿಳಿವಳಿಕೆ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಹಳೇ ಟೇಪು ಬರೆದದ್ದು:

ರಂಗಪ್ರಿಯೆಯವರೇ, ನಿಮ್ಮ ಮಾತಿನ ಮುಖ್ಯ ಭಾಗಕ್ಕೆ ನನ್ನ ಸಹಮತವಿದೆ. ಆದರೆ ಹಾಸ್ಯದ ಕಾಲವನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಅಲ್ಲಿ ಸ್ವಲ್ಪ ನಿಲ್ಲಬೇಕು.

ಎಂಬತ್ತು ಮತ್ತು ತೊಂಬತ್ತರ ದಶಕಗಳ ಕನ್ನಡ ಸಿನಿಮಾದಲ್ಲಿ ಹಾಸ್ಯ ಎನ್ನುವುದು ಬಹುಪಾಲು ಕಥೆಯ ಪಕ್ಕದಲ್ಲಿ ಬೇರೆಯಾಗಿಯೇ ಓಡುತ್ತಿತ್ತು. ನಾಯಕ ನಾಯಕಿಯರ ಕಥೆ ಒಂದು ಕಡೆ, ಊರಿನ ಗೌಡನೋ ಪೂಜಾರಿಯೋ ಅಂಗಡಿಯವನೋ ಅವನ ಹೆಂಡತಿಯೋ ಸೇರಿ ನಡೆಸುವ ಜಗಳ ಇನ್ನೊಂದು ಕಡೆ. ಎನ್.ಎಸ್. ರಾವ್, ದಿನೇಶ್, ಮೈಸೂರು ಲೋಕೇಶ್ ಇವರೊಂದಿಗೆ ಉಮಾಶ್ರೀ ಅವರ ಜೋಡಿ ಎಂದರೆ ಚಿತ್ರಮಂದಿರದಲ್ಲಿ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೂ ಜನ ನೆಟ್ಟಗೆ ಕೂರುತ್ತಿದ್ದರು. ಈ ಗಂಡು ಕಲಾವಿದರೆಲ್ಲ ರಂಗಭೂಮಿಯ ನೀರು ಕುಡಿದವರೇ ಆಗಿದ್ದರಿಂದ, ಬರೆದುಕೊಟ್ಟ ಸಂಭಾಷಣೆ ಎಷ್ಟೇ ಸಪ್ಪೆಯಾಗಿದ್ದರೂ ಅದನ್ನು ಇಬ್ಬರೂ ಸೇರಿ ಎತ್ತಿಕೊಂಡು ಹೋಗುವ ಬಗೆ ಅವರಿಗೆ ಗೊತ್ತಿತ್ತು. ಒಬ್ಬರು ಮಾತು ಹಾಕಿದರೆ ಇನ್ನೊಬ್ಬರು ಅದಕ್ಕೆ ಕಾಯದೆ, ಆದರೆ ಅದನ್ನು ತುಳಿಯದೆ ಉತ್ತರ ಕೊಡುತ್ತಿದ್ದರು. ಈಗಿನ ಹಾಸ್ಯ ದೃಶ್ಯಗಳಲ್ಲಿ ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಸರದಿಯಲ್ಲಿ ನಿಂತವರಂತೆ ಮಾತಾಡುವುದನ್ನು ನೋಡಿದರೆ ಆ ಜೋಡಿಗಳ ಬೆಲೆ ತಿಳಿಯುತ್ತದೆ.

ಆ ಕಾಲದ ಗುಂಪಿನಲ್ಲಿ ಒಂದು ಪಾತ್ರವನ್ನಂತೂ ಬೇರೆಯಾಗಿ ಎತ್ತಿಡಲೇಬೇಕು. 1995ರ ‘ಪುಟ್ನಂಜ’ದ ಪುಟ್ಮಲ್ಲಿ. ರವಿಚಂದ್ರನ್ ಅವರ ಅಜ್ಜಿಯಾಗಿ ಕಾಣಿಸಿಕೊಂಡಾಗ ಉಮಾಶ್ರೀ ಅವರಿಗೆ ನಲವತ್ತೂ ತುಂಬಿರಲಿಲ್ಲ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಅಂದರೆ ಮೊಮ್ಮಗನಿಗೂ ಅಜ್ಜಿಗೂ ನಡುವೆ ಇದ್ದದ್ದು ನಾಲ್ಕೇ ವರ್ಷ! ಇದನ್ನು ಯಾರಾದರೂ ಹೇಳುವವರೆಗೆ ಪ್ರೇಕ್ಷಕರಿಗೆ ಹೊಳೆಯುವುದೇ ಇಲ್ಲ. ಪ್ರಸಾಧನ ಒಂದರಿಂದಲೇ ಅದು ಸಾಧ್ಯವಾಗದು. ಬಿಳಿ ಕೂದಲು ಅಂಟಿಸಿಕೊಂಡ ಎಷ್ಟೋ ನಟನಟಿಯರು ಎದ್ದು ನಿಲ್ಲುವಾಗ ಮೂವತ್ತರವರಂತೆಯೇ ಏಳುತ್ತಾರೆ. ಪುಟ್ಮಲ್ಲಿ ಹಾಗಲ್ಲ. ಆಕೆಯ ಜೋರು, ಆಕೆಯ ಹಟ, ಮೊಮ್ಮಗನ ಮೇಲಿನ ಅಧಿಕಾರ ಎಲ್ಲವೂ ವಯಸ್ಸಾದ ಹಳ್ಳಿ ಹೆಂಗಸಿನದ್ದು. ಬಣ್ಣ ಬಣ್ಣದ ಸೆಟ್ಟು, ಹಾಡುಗಳ ವೈಭವದ ನಡುವೆ ನೆಲದ ಮೇಲೆ ಕಾಲೂರಿ ನಿಂತ ಪಾತ್ರ ಆ ಚಿತ್ರದಲ್ಲಿ ಅದೊಂದೇ ಎಂದರೆ ರವಿಚಂದ್ರನ್ ಅಭಿಮಾನಿಗಳು ಕೋಪಿಸಿಕೊಳ್ಳಬಾರದು. ಇಂದಿಗೂ ಹಳ್ಳಿಯ ಕಡೆ ಬಾಯಿ ಜೋರಿರುವ ಅಜ್ಜಿಗೆ ಪುಟ್ಮಲ್ಲಿ ಎಂದು ಕರೆಯುವುದುಂಟು.

ನಿಷ್ಠುರವಾದಿ ಬರೆದದ್ದು:

ಇಬ್ಬರ ಬರಹವನ್ನೂ ಓದಿದೆ. ಇಬ್ಬರೂ ಅಭಿಮಾನದ ಭರದಲ್ಲಿ ಒಂದು ಕಹಿ ಸತ್ಯವನ್ನು ಬದಿಗೆ ತಳ್ಳುತ್ತಿದ್ದೀರಿ ಎನ್ನಿಸಿತು.

ಆ ಕಾಲದ ಹಾಸ್ಯ ದೃಶ್ಯಗಳಲ್ಲಿ ಹೆಣ್ಣುಪಾತ್ರಕ್ಕೆ ಎರಡೇ ಕೆಲಸವಿತ್ತು. ಒಂದೋ ಗಂಡನನ್ನು ಹೊರಕೆಯಿಂದ ಬಾರಿಸುವ ಗಯ್ಯಾಳಿಯಾಗುವುದು, ಇಲ್ಲವೇ ಊರ ಗಂಡಸರ ಬಾಯಲ್ಲಿ ನೀರೂರಿಸುವವಳಾಗುವುದು. ಉಮಾಶ್ರೀ ಎರಡನ್ನೂ ಚೆನ್ನಾಗಿ ಮಾಡಿದರು ಎನ್ನುವುದು ನಿಜ. ಆದರೆ ಚೆನ್ನಾಗಿ ಮಾಡಿದ ಮಾತ್ರಕ್ಕೆ ಆ ಪಾತ್ರಗಳು ಒಳ್ಳೆಯವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೋ ಹೆಂಗಸರು ಆ ದೃಶ್ಯಗಳು ಬಂದಾಗ ಟಿವಿಯ ಮುಂದಿನಿಂದ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು. ಇಂಥ ನಟಿಗೆ ಇಂಥ ಪಾತ್ರಗಳನ್ನೇ ಎರಡು ದಶಕ ಕೊಟ್ಟದ್ದು ಉದ್ಯಮ ಮಾಡಿದ ತಪ್ಪು. ಅದನ್ನು ‘ತಿಳಿವಳಿಕೆಯ ಅಖಂಡತೆ’ ಎಂಬ ಚಂದದ ಮಾತಿನಿಂದ ಮುಚ್ಚಿದರೆ, ಆ ತಪ್ಪಿಗೆ ನಾವೇ ಸಮಜಾಯಿಷಿ ಕೊಟ್ಟಂತಾಗುತ್ತದೆ. ಹೀಗಾಗಿ 2008ಕ್ಕೆ ಮೊದಲು, 2008ರ ನಂತರ ಎಂಬ ವಿಂಗಡಣೆ ನನಗೆ ಅನ್ಯಾಯವಾಗಿ ಕಾಣುವುದಿಲ್ಲ. ಅದು ನಟಿಯ ಮೇಲಿನ ತೀರ್ಪಲ್ಲ, ಉದ್ಯಮದ ಮೇಲಿನದು.

ಮತ್ತೊಂದು. ಒಂದು ದೊಡ್ಡ ಪಾತ್ರ ಬಂದ ಮೇಲೆ ಹಿಂದಿನ ಎಲ್ಲವನ್ನೂ ಅದರ ತಯಾರಿಯಾಗಿ ಓದುವುದು ಸುಲಭ. ಮೈಸೂರು ಲೋಕೇಶ್ ಅವರೊಂದಿಗೆ ನಡೆಸಿದ ಜಗಳ ಗುಲಾಬಿಗೆ ಪೀಠಿಕೆ ಎಂದು ಹೇಳಲು ಹೊರಟರೆ, ಯಾರ ಯಾವ ಕೆಲಸವನ್ನೂ ಹಾಗೆ ಸಮರ್ಥಿಸಬಹುದು.

ರಂಗಪ್ರಿಯೆ ಬರೆದದ್ದು:

ನಿಷ್ಠುರವಾದಿಯವರ ಆಕ್ಷೇಪ ಗಂಭೀರವಾದದ್ದು. ಉದ್ಯಮದ ತಪ್ಪಿನ ಬಗ್ಗೆ ನನ್ನ ವಿರೋಧವಿಲ್ಲ. ಹೊಟ್ಟೆಪಾಡು ಎಂಬುದೊಂದಿದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಹವ್ಯಾಸಿ ರಂಗಭೂಮಿ ನಟಿಯರಿಗೆ ಹೆಸರು ಕೊಟ್ಟಿದೆ, ಮನೆ ಬಾಡಿಗೆ ಕೊಟ್ಟಿಲ್ಲ. ಹಗಲು ಚಿತ್ರೀಕರಣದಲ್ಲಿ ದುಡಿದು ಸಂಜೆ ತಾಲೀಮಿಗೆ ಓಡಿಬರುತ್ತಿದ್ದ ಕಲಾವಿದರು ಆ ತಲೆಮಾರಿನಲ್ಲಿ ಅನೇಕರಿದ್ದರು. ಅವರ ಸಿನಿಮಾದ ಸಂಭಾವನೆಯೇ ಪರೋಕ್ಷವಾಗಿ ನಮ್ಮ ರಂಗಭೂಮಿಯನ್ನು ಸಾಕಿದೆ ಎಂದರೂ ತಪ್ಪಿಲ್ಲ.

ಆದರೆ ‘ಪೀಠಿಕೆ’ ಎಂಬ ಆರೋಪಕ್ಕೆ ಉತ್ತರಿಸಬೇಕು, ಅದಕ್ಕೆ ‘ಒಡಲಾಳ’ಕ್ಕೇ ಹೋಗಬೇಕು. ರಂಗಸಂಪದ ತಂಡಕ್ಕೆ ಅದನ್ನು ನಿರ್ದೇಶಿಸಿದವರು ಸಿ.ಜಿ. ಕೃಷ್ಣಸ್ವಾಮಿ, ನಮ್ಮೆಲ್ಲರ ಸಿಜಿಕೆ. ‘ಸಮುದಾಯ’ ರಂಗಸಂಘಟನೆಯ ಮೂಲಕ ‘ಬೆಲ್ಚಿ’ಯಂಥ ಬೀದಿನಾಟಕವನ್ನು ಊರೂರಿಗೆ ಒಯ್ದವರು ಅವರು. ದಲಿತ ಬದುಕನ್ನು ರಂಗದ ಮೇಲೆ ತರುವಾಗ ಕನಿಕರ ಬೇಡ ಎಂಬ ಖಚಿತತೆ ಅವರಿಗಿತ್ತು. ಮಹಾದೇವರ ಆ ಸಣ್ಣ ಕಾದಂಬರಿಯಲ್ಲಿ ಹೇಳಿಕೊಳ್ಳುವಂಥ ದೊಡ್ಡ ಘಟನೆಗಳೇನೂ ಇಲ್ಲ. ಸಾಕವ್ವನ ಹುಂಜ ಕಳೆದುಹೋಗಿದೆ, ಅದನ್ನು ಹುಡುಕುತ್ತಾ ಆಕೆ ಊರೆಲ್ಲ ಅಲೆಯುತ್ತಾಳೆ, ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ. ರಾತ್ರಿಯಾದರೆ ಕದ್ದು ತಂದ ಕಡ್ಲೆಕಾಯಿಯ ಮೂಟೆಯ ಸುತ್ತ ಮನೆಮಂದಿಯೆಲ್ಲ ಕುಳಿತು, ಮಕ್ಕಳು ಮೊಮ್ಮಕ್ಕಳಾದಿಯಾಗಿ ಬೆಳಗಾಗುವವರೆಗೆ ತಿನ್ನುತ್ತಾರೆ. ಗೋಡೆಯ ಮೇಲೆ ನವಿಲಿನ ಚಿತ್ರ ಮೂಡುತ್ತದೆ. ಬೆಳಗಾದರೆ ಬಾಗಿಲಿಗೆ ಪೊಲೀಸರು.

ಇದನ್ನು ನಟಿಸುವ ಕಷ್ಟ ಎಲ್ಲಿದೆ ಎಂದು ನೋಡಿ. ಸಾಕವ್ವನ ಬೈಗುಳ ಕೇಳಿ ಪ್ರೇಕ್ಷಕ ನಗುತ್ತಾನೆ, ನಗಲೇಬೇಕು, ಕೃತಿಯೇ ಹಾಗಿದೆ. ಹುಂಜಕ್ಕಾಗಿ ಆಕೆ ಆಡುವ ರಂಪ ನಿಜಕ್ಕೂ ತಮಾಷೆಯದು. ಆದರೆ ಆ ನಗೆಯ ಬೆನ್ನಿಗೇ, ಒಂದು ಹುಂಜ ಕಳೆದರೆ ಒಂದು ಕುಟುಂಬದ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ ಎಂಬ ಅರಿವು ಬರಬೇಕು. ನಟಿ ಮೊದಲೇ ಕಣ್ಣೀರು ತಂದುಕೊಂಡರೆ ಸಾಕವ್ವ ಸತ್ತಂತೆ. ನಗೆ ಬೇಕಾಗಿದೆ ಎಂದು ಬೈಗುಳವನ್ನು ಅತಿಯಾಗಿ ಎಳೆದರೂ ಸತ್ತಂತೆಯೇ. ಅವೆರಡರ ನಡುವಿನ ಓಣಿ ಬಹಳ ಕಿರಿದು. ಆ ಓಣಿಯಲ್ಲಿ ನಡೆಯುವುದಕ್ಕೆ ಹಾಸ್ಯದ ಕಾಲಮಾನ ಗೊತ್ತಿರುವ ನಟಿಯೇ ಬೇಕು, ಬರೀ ಗಂಭೀರ ಪಾತ್ರಗಳಲ್ಲಿ ಪಳಗಿದವರಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ. ಉಮಾಶ್ರೀ ಅವರು ತುಂಬು ಪ್ರಾಯದಲ್ಲಿ ಆ ಮುದುಕಿಯನ್ನು ಆಡಿದರು. ಬೆನ್ನು ಬಾಗಿತ್ತು, ದನಿ ಮಾತ್ರ ಬಾಗಿರಲಿಲ್ಲ. ಹಳ್ಳಿಯ ವಯಸ್ಸಾದ ಹೆಂಗಸರಲ್ಲಿ ದೇಹಕ್ಕಿಂತ ದನಿ ನಿಧಾನವಾಗಿ ಮುಪ್ಪಾಗುತ್ತದೆ ಎಂಬುದನ್ನು ಗಮನಿಸಿದವರಿಗೆ ಈ ಆಯ್ಕೆಯ ಬೆಲೆ ತಿಳಿಯುತ್ತದೆ.

ಹಾಗಾಗಿ ನಾನು ಹೇಳುತ್ತಿರುವುದು ಸಿನಿಮಾದ ಹಾಸ್ಯ ಗುಲಾಬಿಗೆ ಪೀಠಿಕೆ ಎಂದಲ್ಲ. ಸಾಕವ್ವ, ಪುಟ್ಮಲ್ಲಿ, ಗುಲಾಬಿ ಮೂವರೂ ಒಂದೇ ರಂಗಶಿಸ್ತಿನಿಂದ ಬಂದವರು. ಅದರಲ್ಲಿ ಒಂದನ್ನು ಮಾತ್ರ ಕಲೆ ಎಂದು, ಮತ್ತೊಂದನ್ನು ಹೊಟ್ಟೆಪಾಡು ಎಂದು ಕರೆಯುವುದು ಕೃತಿಯ ತೂಕ ನೋಡಿ ಕೊಟ್ಟ ಅಂಕವೇ ಹೊರತು ಅಭಿನಯಕ್ಕೆ ಕೊಟ್ಟದ್ದಲ್ಲ.

ಕುಂದಾಪ್ರದವಳು ಬರೆದದ್ದು:

ಚರ್ಚೆ ‘ಗುಲಾಬಿ ಟಾಕೀಸ್’ನ ಹೆಸರು ಹೇಳುತ್ತಲೇ ಅದರ ಸುತ್ತ ಓಡಾಡುತ್ತಿದೆ, ಯಾರೂ ಒಳಗೆ ಹೋಗುತ್ತಿಲ್ಲ. ನಮ್ಮ ಕಡೆಯ ಚಿತ್ರವಾದ್ದರಿಂದ ಆ ಕೆಲಸ ನಾನು ಮಾಡುತ್ತೇನೆ.

ವೈದೇಹಿಯವರ ಮೂಲ ಕಥೆ ಒಂದು ಸಣ್ಣ ಊರಿಗೆ ಟಾಕೀಸು ಬಂದ ಕಾಲದ್ದು. ಕಾಸರವಳ್ಳಿಯವರು ಅದನ್ನು ತೊಂಬತ್ತರ ದಶಕದ ಕೊನೆಗೆ, ಕಾರ್ಗಿಲ್ ಯುದ್ಧದ ದಿನಗಳಿಗೆ, ಮೀನುಗಾರರ ಒಂದು ಕುದ್ರುವಿಗೆ, ಅಂದರೆ ನಡುಗಡ್ಡೆಗೆ ತಂದು, ಟಾಕೀಸಿನ ಜಾಗದಲ್ಲಿ ಡಿಶ್ ಟಿವಿಯನ್ನು ಇಟ್ಟರು. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಸಿನಿಮಾದ ಹುಚ್ಚಿ. ಗಂಡ ಮೂಸ ಬೇರೆ ಸಂಸಾರ ಹೂಡಿದ್ದಾನೆ. ಹೆರಿಗೆ ಮಾಡಿಸಿದ ಉಪಕಾರಕ್ಕೆ ಸಿಕ್ಕ ಟಿವಿ ಅವಳ ಗುಡಿಸಲಿಗೆ ಬಂದ ಮೇಲೆ ಕುದ್ರುವಿನ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ, ಕೆಲವರು ಹೊಸಿಲಿನಾಚೆಯೇ ನಿಂತು ನೋಡುತ್ತಾರೆ. ಒಂದು ಕಡೆ ದೊಡ್ಡ ಬಂಡವಾಳದ ಬೋಟುಗಳಿಂದ ಸಣ್ಣ ಮೀನುಗಾರರ ಹೊಟ್ಟೆಗೆ ಬಿದ್ದ ಪೆಟ್ಟು, ಇನ್ನೊಂದು ಕಡೆ ಯುದ್ಧದ ಸುದ್ದಿ ತಂದ ಗುಮಾನಿ, ಎರಡೂ ಸೇರಿ ಗುಲಾಬಿಯ ಬಾಗಿಲಿಗೆ ಬಂದು ನಿಲ್ಲುತ್ತವೆ. ಗೆಳತಿ ನೇತ್ರು ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ ಬರುತ್ತದೆ. ಕೊನೆಗೆ ಅವಳನ್ನು ದೋಣಿ ಹತ್ತಿಸಿ ಕುದ್ರುವಿನಿಂದಲೇ ಹೊರಹಾಕುತ್ತಾರೆ.

ಈ ಚಿತ್ರದಲ್ಲಿ ಉಮಾಶ್ರೀ ಅವರ ಕೆಲಸವನ್ನು ನಾನು ಮೂರು ಕಡೆ ನಿಲ್ಲಿಸಿ ನೋಡುತ್ತೇನೆ. ಮೊದಲನೆಯದು ಆರಂಭದಲ್ಲಿ. ಚಿತ್ರಮಂದಿರದಲ್ಲಿ ಕುಳಿತ ಗುಲಾಬಿಗೆ ಹೆರಿಗೆಗೆ ಬಾ ಎಂದು ಕರೆ ಬರುತ್ತದೆ, ಅವಳಿಗೆ ಏಳಲು ಮನಸ್ಸಿಲ್ಲ. ಅಷ್ಟು ಹೊತ್ತಿಗೇ ನಮಗೆ ಅವಳ ಬಗ್ಗೆ ಒಂದು ಸಣ್ಣ ಕೋಪವೂ ಬರುತ್ತದೆ, ಜೊತೆಗೆ ನಗುವೂ ಬರುತ್ತದೆ. ಹಾಸ್ಯನಟಿಯ ಅನುಭವ ಇಲ್ಲದಿದ್ದರೆ ಇಲ್ಲಿ ಗುಲಾಬಿ ಬರೀ ಸ್ವಾರ್ಥಿಯಾಗಿ ಕಾಣುವ ಅಪಾಯವಿತ್ತು. ಎರಡನೆಯದು, ಟಿವಿಯ ಮುಂದೆ ಕುಳಿತ ಅವಳ ಮುಖ. ನಟರಿಗೆ ನೋಡುವುದನ್ನು ನಟಿಸುವಷ್ಟು ಕಷ್ಟ ಬೇರೆಯಿಲ್ಲ. ಮಾತಿಲ್ಲ, ಕೈಗೆ ಕೆಲಸವಿಲ್ಲ, ಎದುರು ಪಾತ್ರವೂ ಇಲ್ಲ. ಪರದೆಯ ಬೆಳಕು ಮುಖದ ಮೇಲೆ ಆಡುತ್ತಿರುವಾಗ ಉಮಾಶ್ರೀ ತಾವೇನೂ ಮಾಡದೆ ಬಿಟ್ಟಿದ್ದಾರೆ. ಬಾಯಿ ಸ್ವಲ್ಪ ತೆರೆದಿರುತ್ತದೆ, ಅಷ್ಟೇ. ಎರಡು ದಶಕ ಪ್ರತಿ ಕ್ಷಣವನ್ನೂ ತುಂಬಬೇಕಾದ ಪಾತ್ರಗಳನ್ನು ಮಾಡಿದವರು ಹೀಗೆ ಖಾಲಿ ಬಿಡುವ ಧೈರ್ಯ ತೋರಿದ್ದು ದೊಡ್ಡ ಸಂಗತಿ. ಮೂರನೆಯದು ಮೂಸನ ಎರಡನೆಯ ಸಂಸಾರದ ಹುಡುಗನ ಮೇಲೆ ಅವಳು ಸುರಿಸುವ ಪ್ರೀತಿ. ಸವತಿಯ ಮಗುವನ್ನು ಮುದ್ದಿಸುವ ಹೆಂಗಸನ್ನು ತ್ಯಾಗಮಯಿಯಾಗಿ ತೋರಿಸುವುದು ನಮ್ಮ ಸಿನಿಮಾಗಳ ಹಳೆಯ ಚಾಳಿ. ಗುಲಾಬಿ ಆ ಹುಡುಗನನ್ನು ಮುದ್ದಿಸುವುದು ಬರೀ ಆಸೆಯಿಂದ, ತನಗೆ ಬೇಕು ಎಂಬ ಹಸಿವಿನಿಂದ. ಅದರಲ್ಲಿ ದೊಡ್ಡತನದ ಸೋಗು ಒಂದಿಷ್ಟೂ ಇಲ್ಲ.

ಇನ್ನು ಭಾಷೆ. ಕುಂದಾಪುರದ ಮಾತನ್ನು ಹೊರಗಿನವರು ಆಡಿದರೆ ನಮ್ಮವರು ಸುಲಭವಾಗಿ ಒಪ್ಪುವವರಲ್ಲ. ಪದಗಳನ್ನು ತುಂಡರಿಸಿ ಹೇಳಿದರೆ ಕುಂದಗನ್ನಡ ಆಯಿತು ಎಂದುಕೊಂಡವರನ್ನು ಬಹಳ ಕೇಳಿದ್ದೇವೆ. ತುಮಕೂರು ಸೀಮೆಯಿಂದ ಬಂದ ಉಮಾಶ್ರೀ ಅವರ ಮಾತಿನಲ್ಲಿ ಹುಡುಕಿದರೆ ನಮಗೆ ಅಲ್ಲಲ್ಲಿ ಎಡವುವುದು ಸಿಗುತ್ತದೆ, ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಮಾತಿನ ಓಟ, ಸಿಟ್ಟು ಬಂದಾಗ ಅದು ಮೇಲೇರುವ ರೀತಿ ನಮ್ಮ ತೀರದ್ದೇ. ಜೊತೆಗೆ ನೇತ್ರುವಾಗಿ ಎಂ.ಡಿ. ಪಲ್ಲವಿಯವರ ಹಿಡಿತದ ಅಭಿನಯವೂ ಇತ್ತು ಎಂಬುದನ್ನು ಹೇಳದೆ ಹೋದರೆ ತಪ್ಪಾದೀತು. ಆ ಗೆಳೆತನ ನಂಬುವಂತೆ ಇರದಿದ್ದರೆ ಕೊನೆಯ ಭಾಗಕ್ಕೆ ಬಲವೇ ಇರುತ್ತಿರಲಿಲ್ಲ.

ಹಳೇ ಟೇಪು ಬರೆದದ್ದು:

ಕುಂದಾಪ್ರದವರು ಬರೆದದ್ದಕ್ಕೆ ಒಂದು ಚಿಕ್ಕ ಜೋಡಣೆ. ಕನ್ನಡ ಚಿತ್ರದ ಅಭಿನಯಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಬಲು ವಿರಳ. ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ‘ಹಸೀನಾ’ಗೆ ತಾರಾ, ಆಮೇಲೆ 55ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಉಮಾಶ್ರೀ. ಈ ಮೂವರಲ್ಲಿ ನಡು ವಯಸ್ಸು ದಾಟಿದ ಮೇಲೆ ಮುಖ್ಯ ಪಾತ್ರ ಪಡೆದವರು ಉಮಾಶ್ರೀ ಒಬ್ಬರೇ. ಐವತ್ತರ ಹೆಂಗಸನ್ನು ಕಥೆಯ ನಡುವೆ ನಿಲ್ಲಿಸುವ ಕನ್ನಡ ಚಿತ್ರಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ನಿಷ್ಠುರವಾದಿಯವರು ಉದ್ಯಮದ ಮೇಲೆ ಹೊರಿಸಿದ ಆರೋಪ ಇಲ್ಲಿ ನನಗೂ ಒಪ್ಪಿಗೆ.

ಬನಹಟ್ಟಿ ಮಗ್ಗ ಬರೆದದ್ದು:

ಅಭಿನಯದ ಚರ್ಚೆಯಲ್ಲಿ ರಾಜಕಾರಣ ತರಬಾರದು ಎಂದು ಯಾರೂ ತಕರಾರು ಮಾಡದಿದ್ದರೆ ನಮ್ಮ ಕಡೆಯಿಂದ ಎರಡು ಮಾತು. ಉಮಾಶ್ರೀ ಅವರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದವರು 2008ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ನಿಂತು ಸೋತರು. ರಬಕವಿ ಬನಹಟ್ಟಿಯ ನೇಕಾರರ ಸೀಮೆ ಇದು. ಸೋತ ಮೇಲೆ ಬೆಂಗಳೂರಿಗೆ ಹೋಗಿ ಮರೆತುಬಿಡುತ್ತಾರೆ ಎಂದು ಹಲವರು ತಿಳಿದಿದ್ದರು. 2013ರಲ್ಲಿ ಅದೇ ಕ್ಷೇತ್ರದಿಂದ ಗೆದ್ದು, ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವರಾದರು. 2018ರಲ್ಲಿ ಮತ್ತೆ ಸೋಲು, 2023ರಲ್ಲಿ ಪರಿಷತ್ತಿಗೆ ನಾಮಕರಣ. ಅವರ ಆಡಳಿತದ ಬಗ್ಗೆ ನಮ್ಮಲ್ಲಿ ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ಅದು ಇಲ್ಲಿಯ ವಿಷಯವಲ್ಲ.

ವಿಷಯಕ್ಕೆ ಸಂಬಂಧಿಸಿದ್ದು ಇದು. ನಮ್ಮ ಜವಾರಿ ಭಾಷೆಯ ಸಭೆಗಳಲ್ಲಿ ನಿಂತು ಮಾತಾಡುವಾಗ ಅವರಲ್ಲಿ ನಟಿ ಕಾಣುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂದೆ ಕೂತ ಹೆಂಗಸರ ಗುಂಪನ್ನು ನೋಡಿ ಮಾತಿನ ಎತ್ತರ ಬದಲಿಸುವುದು ಅವರಿಗೆ ಕರತಲಾಮಲಕ. ಸಚಿವರಾಗಿದ್ದ ಆ ಐದು ವರ್ಷಗಳ ಹೊತ್ತಿಗೆ ಅವರು ನಟಿಯಾಗಿ ಅತ್ಯಂತ ಪಕ್ವ ವಯಸ್ಸಿನಲ್ಲಿದ್ದರು, ರಾಷ್ಟ್ರಪ್ರಶಸ್ತಿಯ ಬೆನ್ನಿಗೆ ಬರಬೇಕಾಗಿದ್ದ ಪಾತ್ರಗಳ ಕಾಲ ಅದು. ರಾಜಕಾರಣಕ್ಕೆ ಸಂದದ್ದು ಸಿನಿಮಾಕ್ಕೆ ನಷ್ಟವಾಯಿತೋ ಏನೋ ಎಂದು ಅಭಿಮಾನಿಯಾಗಿ ನನಗೆ ಅನ್ನಿಸಿದ್ದುಂಟು.

ನಿಷ್ಠುರವಾದಿ ಬರೆದದ್ದು:

ಬನಹಟ್ಟಿಯವರೇ, ನಷ್ಟವಾಗಬೇಕಾದರೆ ಮೊದಲು ಪಾತ್ರಗಳು ಇರಬೇಕಲ್ಲ! ರಾಷ್ಟ್ರಪ್ರಶಸ್ತಿಯ ನಂತರ ಮುಖ್ಯವಾಹಿನಿಯ ನಿರ್ದೇಶಕರು ಅವರಿಗಾಗಿ ಕಥೆ ಬರೆದು ಸಾಲುಗಟ್ಟಿ ನಿಂತಿದ್ದರೇನು? ಕಾಸರವಳ್ಳಿಯವರೇ 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಚಿತ್ರಕ್ಕೆ ಮತ್ತೆ ಕರೆದರು. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ಆಧರಿಸಿದ ಚಿತ್ರ ಅದು. ಹೆಣ ಹೂಳುವ ಗುಂಡಿ ತೋಡುವ ಇರ್ಯನಾಗಿ ವೈಜನಾಥ ಬಿರಾದಾರ, ಅವನ ಹೆಂಡತಿ ರುದ್ರಿಯಾಗಿ ಉಮಾಶ್ರೀ. ಗಮನಿಸಿ, ಇಬ್ಬರೂ ಜನಪ್ರಿಯ ಸಿನಿಮಾ ನಗಿಸುವುದಕ್ಕೆಂದು ಮಾತ್ರ ಕರೆಯುತ್ತಿದ್ದ ಕಲಾವಿದರು. ಬಿರಾದಾರರಿಗಂತೂ ಭಿಕ್ಷುಕನ ಪಾತ್ರ ಬಿಟ್ಟರೆ ಕುಡುಕನ ಪಾತ್ರ, ಅಷ್ಟೇ. ಒಂದೇ ಚಿತ್ರದಲ್ಲಿ ಆ ಇಬ್ಬರನ್ನೂ ಗಂಡ ಹೆಂಡತಿಯಾಗಿಸಿ, ಸಾವು ಮತ್ತು ಹಸಿವಿನ ನಡುವಿನ ಒಂದು ದಾಂಪತ್ಯವನ್ನು ಕಟ್ಟಿದ ನಿರ್ದೇಶಕರಿಗೆ ನನ್ನ ಮೆಚ್ಚುಗೆ. ರುದ್ರಿಯ ಗೊಣಗಾಟ, ಗಂಡನ ಕನಸಿನ ಮೇಲೆ ಅವಳಿಗಿರುವ ಅರ್ಧ ನಂಬಿಕೆ, ಅರ್ಧ ಭಯ, ಇವೆಲ್ಲ ಗುಲಾಬಿಯಷ್ಟು ಚರ್ಚೆಯಾಗಲಿಲ್ಲ. ನನ್ನ ದೃಷ್ಟಿಯಲ್ಲಿ ಉತ್ತರ ಕರ್ನಾಟಕದ ಮಾತಿನ ಹಿಡಿತ ಗುಲಾಬಿಯ ಕುಂದಗನ್ನಡಕ್ಕಿಂತ ಗಟ್ಟಿಯಾಗಿತ್ತು. ಈ ಮಾತಿಗೆ ಕುಂದಾಪ್ರದವರ ಅಭ್ಯಂತರ ಇರಲಾರದು ಎಂದುಕೊಳ್ಳುತ್ತೇನೆ.

ಇಷ್ಟು ಬರೆದ ಮೇಲೆ ರಂಗಪ್ರಿಯೆಯವರ ವಾದಕ್ಕೆ ನಾನೇ ಸಾಕ್ಷಿ ಒದಗಿಸಿದಂತಾಯಿತು ಎಂಬುದು ಗೊತ್ತು. ಹಾಸ್ಯನಟರನ್ನೇ ಹುಡುಕಿ ಗಂಭೀರ ಪಾತ್ರ ಕೊಟ್ಟ ನಿರ್ದೇಶಕರು ಅವರಲ್ಲಿ ಏನನ್ನೋ ಕಂಡಿರಬೇಕು. ಆದರೂ ಉದ್ಯಮದ ಹೊಣೆಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ.

ಮೆಸ್ಸಿನ ಊಟ ಬರೆದದ್ದು:

ಇಲ್ಲಿ ಎಲ್ಲರೂ ರಂಗಭೂಮಿ, ಕಲಾತ್ಮಕ ಸಿನಿಮಾ ಎನ್ನುತ್ತಿರುವಾಗ ಧಾರಾವಾಹಿಯ ಮಾತೆತ್ತಲು ಸಂಕೋಚವಾಗುತ್ತಿದೆ. ಆದರೂ ಹೇಳದಿದ್ದರೆ ಚಿತ್ರ ಅರ್ಧವಾದೀತು. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಆರಂಭವಾದಾಗ, ಹುಟ್ಟಿದ್ದು ಮೂರೂ ಹೆಣ್ಣೆಂದು ಗಂಡ ಬಿಟ್ಟುಹೋದ ಮೇಲೆ ಮೆಸ್ ನಡೆಸಿ ಮಕ್ಕಳನ್ನು ಬೆಳೆಸುವ ಪುಟ್ಟಕ್ಕನಾಗಿ ಉಮಾಶ್ರೀ ಮನೆಮನೆಗೆ ಬಂದರು. ಸಂಜೆ ಏಳೂವರೆಗೆ ಸಾರಿಗೆ ಒಗ್ಗರಣೆ ಹಾಕುವುದನ್ನು ಮುಂದೂಡಿದ ಮನೆಗಳು ಎಷ್ಟೋ. ಗಾಂಧಿನಗರದ ಹಾಸ್ಯ ದೃಶ್ಯ ಬಂದಾಗ ಅಡಿಗೆಮನೆಗೆ ಎದ್ದುಹೋಗುತ್ತಿದ್ದ ಹೆಂಗಸರ ಬಗ್ಗೆ ನಿಷ್ಠುರವಾದಿಯವರು ಬರೆದಿದ್ದರು. ಅವರೇ, ಅವರ ಸೊಸೆಯಂದಿರೇ, ಅದೇ ನಟಿಗಾಗಿ ಅಡಿಗೆಮನೆ ಬಿಟ್ಟು ಬಂದು ಕುಳಿತರು.

ಧಾರಾವಾಹಿಯ ಅಭಿನಯವನ್ನು ಕೀಳಾಗಿ ಕಾಣುವವರು ಒಂದು ಕಷ್ಟವನ್ನು ಗಮನಿಸಬೇಕು. ಅಲ್ಲಿ ಕ್ಯಾಮೆರಾ ಪ್ರತಿ ಆಘಾತಕ್ಕೂ ಮೂರು ಸಲ ಮುಖದ ಹತ್ತಿರ ಬರುತ್ತದೆ, ಹಿನ್ನೆಲೆ ಸಂಗೀತ ನಟರ ಪರವಾಗಿ ತಾನೇ ಅಳುತ್ತದೆ. ಅಂಥ ಕಡೆ ಸೌಟು ಹಿಡಿದ ಕೈ ನಿಜವಾಗಿ ಅಡಿಗೆ ಮಾಡಿದ ಕೈಯಂತೆ ಕಾಣುವುದು, ಬಡಿಸುವಾಗ ಎಲೆಯ ಮೇಲೆ ಅಲ್ಲದೆ ಉಣ್ಣುವವರ ಮುಖದ ಮೇಲೆ ಕಣ್ಣಿರುವುದು ಸಣ್ಣ ಮಾತಲ್ಲ. ಕಥೆ ಎಳೆದಾಡಿದ ದಿನಗಳಲ್ಲೂ ನಾನು ನೋಡುತ್ತಿದ್ದುದು ಇಂಥ ಸಂಗತಿಗಳಿಗಾಗಿ. ಅದೇ ವರ್ಷ ಬಂದ ‘ರತ್ನನ್ ಪ್ರಪಂಚ’ದ ಸರೋಜಾಳನ್ನೂ ಇದರ ಜೊತೆಗೆ ಇಟ್ಟು ನೋಡಿ. ಧನಂಜಯ ಅವರ ತಾಯಿಯಾಗಿ, ಮಗನ ತಲೆ ತಿನ್ನುವ ಬಾಯಿಬಡುಕಿಯಾಗಿ ಚಿತ್ರದ ಆರಂಭದಲ್ಲಿ ನಗಿಸುತ್ತಾ ಬರುವ ಆ ಪಾತ್ರವೇ, ಸಾಕುತಾಯಿ ಎಂದು ತಿಳಿದ ಮೇಲೆ ಇಡೀ ಚಿತ್ರದ ತೂಕ ಹೊರುತ್ತದೆ. ಆರಂಭದ ಕಿರಿಕಿರಿಯನ್ನು ಅವರು ಅಷ್ಟು ನಿರ್ದಾಕ್ಷಿಣ್ಯವಾಗಿ ಆಡಿದ್ದರಿಂದಲೇ ಕೊನೆಯ ಪ್ರೀತಿ ನಂಬುವಂತಾಯಿತು.

ರಂಗಪ್ರಿಯೆ ಬರೆದದ್ದು:

ಚರ್ಚೆ ಇಷ್ಟು ದೂರ ಬಂದದ್ದಕ್ಕೆ ಎಲ್ಲರಿಗೂ ಧನ್ಯವಾದ. ಮೆಸ್ಸಿನ ಊಟದವರು ಸಂಕೋಚಪಡಬೇಕಾಗಿಲ್ಲ. ಸರೋಜಾಳ ಬಗ್ಗೆ ಅವರು ಹೇಳಿದ್ದು ನಾನು ಸಾಕವ್ವನ ಬಗ್ಗೆ ಹೇಳಿದ್ದಕ್ಕೆ ಬಹಳ ಹತ್ತಿರದ್ದು. ನಿಷ್ಠುರವಾದಿಯವರೊಂದಿಗೆ ನನ್ನ ಭಿನ್ನಾಭಿಪ್ರಾಯ ಈಗ ಒಂದು ಅಂಶಕ್ಕೆ ಇಳಿದಿದೆ. ಉದ್ಯಮ ತಪ್ಪು ಮಾಡಿತು ಎನ್ನುವುದನ್ನು ಒಪ್ಪುತ್ತೇನೆ, ಆದರೆ ಆ ತಪ್ಪಿನ ಕಾಲದ ಅಭಿನಯವನ್ನೂ ಅದರ ಜೊತೆಗೇ ಎಸೆಯುವುದಕ್ಕೆ ನಾನು ಸಿದ್ಧಳಿಲ್ಲ. ಅವರು ಅದಕ್ಕೂ ಒಪ್ಪದಿರಬಹುದು, ಒಪ್ಪಲೇಬೇಕೆಂಬ ಹಟವೂ ನನಗಿಲ್ಲ.

ಈಚಿನ ರಂಗಕಾರ್ಯದ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ಅದನ್ನು ಸೇರಿಸುತ್ತೇನೆ. ಬೇಲೂರು ರಘುನಂದನ್ ಅವರು ಬರೆದ, ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ಪ್ರಯೋಗದಲ್ಲಿ ಉಮಾಶ್ರೀ ಅರವತ್ತು ದಾಟಿದ ಮೇಲೆ ಒಬ್ಬರೇ ರಂಗವನ್ನು ಹೊತ್ತು ನಿಂತಿದ್ದಾರೆ. ವೃಷಪರ್ವನ ಮಗಳಾಗಿ ಹುಟ್ಟಿ, ದೇವಯಾನಿಯ ದಾಸಿಯಾಗಿ, ಯಯಾತಿಯ ಮಕ್ಕಳ ತಾಯಿಯಾಗಿ, ತನ್ನ ಮಗ ಪುರು ತಂದೆಗೆ ಯೌವನ ಧಾರೆಯೆರೆಯುವುದನ್ನು ನೋಡಬೇಕಾಗಿ ಬಂದ ಹೆಣ್ಣಿನ ಕಡೆಯಿಂದ ಹೇಳಿದ ಕಥೆ ಅದು. ಧಾರಾವಾಹಿಯಿಂದ ಬಿಡುವು ಸಿಕ್ಕ ದಿನಗಳಲ್ಲಿ ಇಂಥ ದೀರ್ಘ ಪಠ್ಯವನ್ನು ಬಾಯಿಪಾಠ ಮಾಡಿ, ಸಹನಟರ ಆಸರೆಯಿಲ್ಲದೆ, ರಾಜಕುಮಾರಿಯ ದರ್ಪದಿಂದ ದಾಸಿಯ ಸಂಕಟದವರೆಗೆ ಮೈಯನ್ನು ಬದಲಿಸುತ್ತಾ ಹೋಗುವುದು ಆ ವಯಸ್ಸಿನಲ್ಲಿ ಯಾರೂ ಹೇಳಿಕೇಳಿ ಮಾಡಿಸುವ ಕೆಲಸವಲ್ಲ. ಜೊತೆ ಜೊತೆಗೇ ಮಾತಾಡುವ ಜೋಡಿಗಳಲ್ಲಿ ಹೆಸರಾದ ನಟಿ ಇಲ್ಲಿ ಎದುರು ಮಾತನ್ನೂ ತಾವೇ ಆಡಬೇಕು, ಅದಕ್ಕೆ ಉತ್ತರವನ್ನೂ ತಾವೇ ಕೊಡಬೇಕು.

ಅಷ್ಟಕ್ಕೇ ನಿಲ್ಲದೆ 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಯಕ್ಷಗಾನದ ರಂಗವನ್ನೂ ಹತ್ತಿದರು, ಮಂಥರೆಯಾಗಿ. ಮಂಥರೆಯ ವೇಷಕ್ಕೆ ಕುಲುಕುವ ನಡಿಗೆ ಬೇಕು, ಚುಚ್ಚುವ ಮಾತು ಬೇಕು, ನೆರೆದವರನ್ನು ನಗಿಸಬೇಕು, ಹಾಗೆ ನಗಿಸುತ್ತಲೇ ಅಯೋಧ್ಯೆಯ ಮನೆ ಮುರಿಯಬೇಕು. ಕುಂದಾಪ್ರದವರು ಅಥವಾ ಆ ಕಡೆಯ ಯಕ್ಷಗಾನ ಬಲ್ಲವರು ಯಾರಾದರೂ ಆ ಆಟ ನೋಡಿದ್ದರೆ, ಬಡಗುತಿಟ್ಟಿನ (ಆ ಕಡೆಯ ಯಕ್ಷಗಾನ ಶೈಲಿಯ) ಅರ್ಥಗಾರಿಕೆಯ, ಅಂದರೆ ಮಾತುಗಾರಿಕೆಯ ಅಳತೆಯಲ್ಲಿ ಅವರ ಮಂಥರೆ ಹೇಗಿತ್ತು ಎಂಬುದನ್ನು ದಯವಿಟ್ಟು ಇಲ್ಲಿ ಬರೆಯಿರಿ.

ಕುಂದಾಪ್ರದವಳು ಬರೆದದ್ದು:

ಕೇಳಿದ್ದಕ್ಕೆ ಉತ್ತರ. ಯಕ್ಷಗಾನದಲ್ಲಿ ಮಾತು ಯಾರೂ ಬರೆದುಕೊಟ್ಟದ್ದಲ್ಲ, ಭಾಗವತರು ಪದ್ಯ ಹೇಳಿ ಮುಗಿಸಿದ ಮೇಲೆ ಕಲಾವಿದರೇ ಕಟ್ಟಬೇಕಾದದ್ದು. ಹೊರಗಿನಿಂದ ಬಂದ ಎಷ್ಟೇ ದೊಡ್ಡ ನಟರಿಗೂ ಎಡವಟ್ಟಾಗುವುದು ಅಲ್ಲೇ, ಹೆಜ್ಜೆಯಲ್ಲಿ ಅಲ್ಲ. ಮೇಳದಲ್ಲಿ ದಶಕಗಟ್ಟಲೆ ಗೆಜ್ಜೆ ಕಟ್ಟಿದ ವೇಷಧಾರಿಗಳ ಪಕ್ಕ ಒಂದು ರಾತ್ರಿಯ ಅತಿಥಿಯನ್ನು ಇಟ್ಟು ಅಳೆಯುವುದು ಯಾರಿಗೂ ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ನೃತ್ಯದ ಮಟ್ಟಿಗೆ ನಮ್ಮ ಹುಡುಗರೇ ಮೇಲು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಕೈಕೇಯಿಯ ಮನಸ್ಸು ಕೆಡಿಸುವ ಸಂಭಾಷಣೆ ಎಂದರೆ ಇಬ್ಬರು ಹೆಂಗಸರ ನಡುವಿನ ಮಾತಿನ ಕೊಡುಕೊಳ್ಳುವಿಕೆ. ಎನ್.ಎಸ್. ರಾವ್ ಅವರ ಎದುರು ನಿಂತು ಬಂದವರಿಗೆ ಆ ವಿದ್ಯೆಯನ್ನು ನಾವು ಹೇಳಿಕೊಡಬೇಕಾಗಿಲ್ಲ.